ಹಳೇ ಸ್ಕೂಲಿನ ದೆವ್ವ ಕೇಳುವ ಮಗ್ಗಿ

ನಿವೃತ್ತರಾದ ಮೇಷ್ಟ್ರುಗಳಿಗೆ ಪಿಂಚಣಿಯ ಜೊತೆ ಒಂದು ಕಾಯಿಲೆಯೂ ಬರುತ್ತದೆ. ಕಂಡಕಂಡವರನ್ನು ನಿಲ್ಲಿಸಿ ‘ನೀನು ನನ್ನ ಶಿಷ್ಯ ಅಲ್ವೇನೋ?’ ಎಂದು ಕೇಳುವ ಕಾಯಿಲೆ. ನನಗೆ ಅದು ಸ್ವಲ್ಪ ಜೋರಾಗಿಯೇ ಇದೆ. ಚಳ್ಳಕೆರೆ ಸಂತೆಯಲ್ಲಿ ಒಮ್ಮೆ ಹೀಗೆ ಕೇಳಿದಾಗ ಆತ ತಣ್ಣಗೆ, ‘ಇಲ್ಲ ಸಾರ್, ನಾನು ನಿಮ್ಮ ಜೊತೇಲಿ ಟ್ರೈನಿಂಗ್ ಮಾಡಿದೋನು’ ಎಂದುಬಿಟ್ಟ. ಅವತ್ತಿನಿಂದ ನನ್ನ ಹೆಂಡತಿ ಸಂತೆಗೆ ಒಬ್ಬಳೇ ಹೋಗುತ್ತಾಳೆ.

ಈ ಕಾಯಿಲೆಯ ದೆಸೆಯಿಂದಲೇ ಮೊನ್ನೆ ಮೊಳಕಾಲ್ಮೂರಿನಲ್ಲಿ ಮದುವೆಯೊಂದನ್ನು ಮುಗಿಸಿಕೊಂಡು ಬರುವಾಗ, ನಾನು ಮೊದಲು ಕೆಲಸ ಮಾಡಿದ ಹಳ್ಳಿಯನ್ನು ನೋಡೋಣವೆಂದು ಬಿ.ಜಿ. ಕೆರೆಯಲ್ಲಿ ಬಸ್ಸಿಳಿದು ಆಟೋ ಹತ್ತಿದೆ. ಹಳ್ಳಿಯ ಹೆಸರು ಹೇಳುವುದಿಲ್ಲ. ಅಲ್ಲೊಂದು ದೆವ್ವವಿದೆ, ಅದಿನ್ನೂ ಸರ್ವೀಸಿನಲ್ಲಿದೆ.

ಊರ ಬಾಗಿಲಲ್ಲಿ ಟೀ ಅಂಗಡಿ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನುತ್ತ, ಅಂಗಡಿಯ ತಿಪ್ಪೇಸ್ವಾಮಿಯನ್ನು ಹಳೇ ಸ್ಕೂಲಿನ ದಾರಿ ಕೇಳಿದೆ. ನಾನಿದ್ದಾಗ ಇವನಿನ್ನೂ ಹುಟ್ಟಿರಲಿಲ್ಲವೆಂದು ಕಾಣುತ್ತದೆ. ಟೀ ಸೋಸುತ್ತಿದ್ದ ಅವನ ಕೈ ಗಕ್ಕನೆ ನಿಂತಿತು.

‘ಅಲ್ಲಿಗ್ಯಾಕ್ರೀ? ಸ್ಕೂಲು ಈಗ ರೋಡಿನ ಕಡೆ ಐತೆ. ಹಳೇದ್ರಾಗೆ ಮೇಷ್ಟ್ರು ಅದಾರೆ.’

‘ಯಾವ ಮೇಷ್ಟ್ರಪ್ಪ?’

‘ಸತ್ತೋರು.’

ಮಟಮಟ ಮಧ್ಯಾಹ್ನ ಯಾರಾದರೂ ಆ ಕಡೆ ಹೋದರೆ ಮೊದಲು ಕೆಮ್ಮು ಕೇಳುತ್ತದಂತೆ. ಆಮೇಲೆ ಬೋರ್ಡಿನ ಮೇಲೆ ಸೀಮೆಸುಣ್ಣ ಗೀಚುವ ಸದ್ದು. ‘“ಲೇ, ಕೊನೇ ಸಾಲು, ಹದಿಮೂರರ ಮಗ್ಗಿ ಹೇಳು” ಅಂತಾರೆ. ತಪ್ಪಿಲ್ದಂಗೆ ಹೇಳಿದ್ರೆ ಬಿಡ್ತಾರೆ. ತಪ್ಪಿದ್ರೆ ಜ್ವರ ಗ್ಯಾರಂಟಿ. ಅದಕ್ಕೇ ನಮ್ಮೂರ ಹುಡುಗ್ರಿಗೆಲ್ಲ ಹದಿಮೂರರ ಮಗ್ಗಿ ಬಾಯಿಪಾಠ ಐತೆ ನೋಡ್ರಿ.’

ಪಾಪ, ಯಾರೋ ನಿಷ್ಠಾವಂತ ಮೇಷ್ಟ್ರು ಎಂದು ಮರುಗಿದೆ. ನಾನಿದ್ದಾಗ ಇಡೀ ಶಾಲೆಯಲ್ಲಿ ಒಬ್ಬನೂ ಆ ಮಗ್ಗಿಯ ಅರ್ಧ ದಾಟಿರಲಿಲ್ಲ.

‘ಎಡಗೈಲಿ ಬರಿಯೋರಂತೆ. ಲೂನಾ ಗಾಡಿಯಾಗೆ ಬರೋರಂತೆ. ಚಳ್ಳಕೆರೆಗೆ ವರ್ಗ ಆಗಿ ಹೋಗೋವಾಗ ಲಾರಿ ಹೊಡೆದು ಹೋಗಿಬಿಟ್ರಂತೆ’ ಎಂದ ತಿಪ್ಪೇಸ್ವಾಮಿ.

ಕಚ್ಚಿದ ಬಜ್ಜಿಯನ್ನು ಕೆಳಗಿಟ್ಟೆ. ಆ ಊರಿಗೆ ಲೂನಾದಲ್ಲಿ ಬಂದ ಎಡಗೈ ಮೇಷ್ಟ್ರು ನಾನೊಬ್ಬನೇ. ಲಾರಿಯೂ ಅರ್ಧ ನಿಜವೇ. ವರ್ಗವಾದಾಗ ನಮ್ಮ ಮನೆ ಸಾಮಾನು ಹೋಗಿದ್ದು ಶೇಂಗಾ ಲಾರಿಯಲ್ಲಿ.

‘ಒಳ್ಳೇ ಮೇಷ್ಟ್ರಾ?’ ಎಂದು ಮೆಲ್ಲಗೆ ಕೇಳಿದೆ. ಸತ್ತವನು ಬೇರೇನು ತಾನೆ ಕೇಳಿಯಾನು?

‘ಒಳ್ಳೇರೇ ಅಂತೆ. ಆದ್ರೆ ಪಾಠ ಭಾಳ ಉದ್ದ. ಬೆಲ್ ಹೊಡೆದಿದ್ದೂ ಗೊತ್ತಾಗ್ತಿರ್ಲಿಲ್ವಂತೆ. ಅದಕ್ಕೇ ಇನ್ನೂ ಹೋಗಿಲ್ಲ.’

ಎದ್ದು ನೇರ ಹಳೇ ಸ್ಕೂಲಿಗೆ ನಡೆದೆ. ಹೆಂಚು ಜಾರಿತ್ತು, ಕಿಟಕಿಗಳಿಗೆ ಬಾಗಿಲಿರಲಿಲ್ಲ. ಗೋಡೆಯ ಮೇಲಿನ ಕರಿಹಲಗೆ ಮಾತ್ರ ಹಾಗೇ ಇತ್ತು. ಅದನ್ನು ನೋಡಿ ಕಣ್ಣು ತುಂಬಿಕೊಳ್ಳುವಷ್ಟರಲ್ಲಿ ಒಳಗಿನಿಂದ ಕೆಮ್ಮು ಕೇಳಿಸಿತು. ದೆವ್ವ ನಾನೇ ಎಂದು ಗೊತ್ತಿದ್ದರೂ ಮನಸ್ಸಿನಲ್ಲೇ ಹದಿಮೂರರ ಮಗ್ಗಿ ಶುರುಮಾಡಿದೆ.

ಕೆಮ್ಮಿದ್ದು ಕುರಿ. ಅದರ ಹಿಂದೆಯೇ ‘ಎವುರಪ್ಪಾ ಅದಿ?’ ಎಂದು ತೆಲುಗಿನಲ್ಲಿ ಯಾರೆಂದು ಕೇಳುತ್ತ ಕುರಿ ಕಾಯುವ ಮಾರಕ್ಕ ಹೊರಗೆ ಬಂದಳು. ಆಗ ಶಾಲೆಯ ಬೇಲಿಯಾಚೆ ಕುರಿ ಮೇಯಿಸುತ್ತಿದ್ದವಳು, ಈಗ ತಲೆಯೆಲ್ಲ ಬೆಳ್ಳಗಾಗಿದೆ. ಹಣೆಗೆ ಕೈಯಡ್ಡ ಹಿಡಿದು ನನ್ನನ್ನು ನೋಡಿದವಳೇ ಕೆನ್ನೆ ಕೆನ್ನೆ ಬಡಿದುಕೊಂಡಳು.

‘ಅಯ್ಯೋ ಮೇಷ್ಟ್ರೇ! ನಿಮ್ಮನ್ನ ಸಾಯಿಸಿದ್ದು ನಾನೇ ಕಣ್ರೀ!’

ಸ್ಕೂಲು ರೋಡಿಗೆ ಹೋದಮೇಲೆ ಇಲ್ಲಿ ಕುಡಿಯುವವರು, ಇಸ್ಪೀಟಿನವರು ಸೇರಿಕೊಂಡರಂತೆ. ಒಡೆದ ಬಾಟಲಿ ತುಳಿದು ಕುರಿಗಳ ಕಾಲು ಸೀಳಿಹೋದವು. ಹೇಳಿದರೆ ಯಾರೂ ಕೇಳಲಿಲ್ಲ. ಕೊನೆಗೆ ಅವಳಿಗೆ ನನ್ನ ನೆನಪಾಗಿದೆ. ಲಾರಿ ಹೊಡೆದು ಸತ್ತ ಮೇಷ್ಟ್ರು ದೆವ್ವವಾಗಿ ಇಲ್ಲಿಗೆ ಬಂದಿದ್ದಾರೆಂದು ಊರಲ್ಲೆಲ್ಲ ಸುದ್ದಿ ಹಬ್ಬಿಸಿದ್ದಾಳೆ.

‘ಊರೋರನ್ನ ಸಾಯಿಸಿದ್ರೆ ಅವ್ರ ಮನೆಯೋರು ಜಗಳಕ್ಕೆ ಬರ್ತಾರೆ. ನೀವು ಬ್ಯಾರೆ ಊರೋರು. ನಿಮ್ಮ ದನಿ ಅಂದ್ರೆ ಎಲ್ರಿಗೂ ಭಯ ಇತ್ತು. ತಪ್ಪಾತೇನ್ರೀ?’ ಎಂದವಳು ದನಿ ತಗ್ಗಿಸಿದಳು. ‘ಊರಾಗೆ ಯಾರಿಗೂ ಮುಖ ತೋರಿಸ್ಬ್ಯಾಡ್ರಿ. ನೀವು ಬದುಕಿದೀರ ಅಂತ ಗೊತ್ತಾದ್ರೆ ನನ್ನ ಕುರಿ ಮತ್ತೆ ಬಿಸಿಲಾಗೆ ನಿಲ್ಬೇಕು.’

ನಾನು ಬಂದಿದ್ದೇ ಮುಖ ತೋರಿಸಲು. ಆದರೆ ತಂಪು ನೆಲದ ಮೇಲೆ, ನನ್ನ ಹಳೆಯ ವಿದ್ಯಾರ್ಥಿಗಳು ಎಂದೂ ಕೂರದಷ್ಟು ಶಿಸ್ತಾಗಿ ಮಲಗಿದ್ದ ಕುರಿಗಳನ್ನು ನೋಡಿದೆ. ‘ಆಯ್ತಮ್ಮ, ನಾನು ಸತ್ತೇ ಇರ್ತೀನಿ’ ಎಂದೆ. ಮಾರಕ್ಕ ಸೆರಗಿನಿಂದ ಸೀತಾಫಲ ತೆಗೆದು ಕೈಗಿಟ್ಟಳು.

ಟವೆಲನ್ನು ತಲೆಗೆ ಸುತ್ತಿಕೊಂಡು ಊರ ಹಿಂದಿನಿಂದ ರಸ್ತೆಗೆ ಬಂದೆ. ಬೈಕಿನವನೊಬ್ಬ ಮುಂದೆ ಹೋದವನು ತಿರುಗಿ ಬಂದು ನಿಂತ. ‘ಎಲ್ಲೋ ನೋಡ್ದಂಗೈತೆ. ನೀವು ಇಲ್ಲಿ ಮೇಷ್ಟ್ರಾಗಿದ್ರಾ ಸಾರ್?’

ಜೀವಮಾನದಲ್ಲಿ ಮೊದಲ ಸಲ ಶಿಷ್ಯನೊಬ್ಬ ತಾನಾಗಿಯೇ ನನ್ನನ್ನು ಗುರುತಿಸಿದ್ದ. ಟವೆಲನ್ನು ಹಣೆಗೆಳೆದುಕೊಂಡು, ‘ಇಲ್ಲಪ್ಪ, ನಂದು ಶೇಂಗಾ ವ್ಯಾಪಾರ’ ಎಂದೆ.

‘ಹೌದ್ಬಿಡ್ರಿ. ಅವ್ರು ತೀರಿಕೊಂಡ್ರು. ಭಾಳ ಬೈಯೋರು, ಆದ್ರೆ ನನಗೆ ಜ್ವರ ಬಂದಾಗ ಲೂನಾದಾಗೆ ಕೂರಿಸ್ಕೊಂಡು ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರು’ ಎಂದು ಅವನು ಕಣ್ಣೊರೆಸಿಕೊಂಡ. ನಾನೂ ಒರೆಸಿಕೊಂಡೆ. ನನ್ನ ಸಾವಿಗೆ ನಾವಿಬ್ಬರೂ ರಸ್ತೆ ಬದಿ ನಿಂತು ಅತ್ತೆವು.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಲೇ, ‘ಹೋಗಲಿ ಬಿಡಿ, ರಿಟೈರಾದ ಮೇಲೂ ಒಂದು ಕಡೆ ಕೆಲಸ ಸಿಕ್ಕಿತಲ್ಲ’ ಎಂದಳು. ನಾನು ಟೀ ಗುಟುಕರಿಸಿ, ಒಂದು ಊರೇ ಹೆದರುವ ಮನುಷ್ಯನ ದನಿಯಲ್ಲಿ, ‘ಇದಕ್ಕೆ ಸಕ್ಕರೆ ಕಡಿಮೆಯಾಗಿದೆ’ ಎಂದೆ.

‘ಡಬ್ಬ ಅಲ್ಲೇ ಇದೆ, ಎದ್ದು ಹಾಕ್ಕೊಳ್ಳಿ’ ಎಂದಳು ಅವಳು, ತಲೆ ಎತ್ತದೆ.

ಎದ್ದು ಹಾಕಿಕೊಂಡೆ.