ಎರಡನೆಯ ತಂತಿ, ಮೂರನೆಯ ಪ್ಲಗ್ಗು

ಓದಿದವರು ಪಾನಾ ಹಿಡಿದು ಮೋಟಾರಿನ ನಟ್ಟು ಬಿಚ್ಚಬಾರದು ಎಂಬ ಬುದ್ಧಿಮಾತನ್ನು ನಾನು ಯಾರಿಗೂ ಹೇಳುವುದಿಲ್ಲ. ಹೇಳಿದರೆ ಯಾಕೆ ಎಂದು ಕೇಳುತ್ತಾರೆ. ಕೇಳಿದರೆ ನಡೆದದ್ದನ್ನು ಹೇಳಬೇಕಾಗುತ್ತದೆ. ಹತ್ತು ವರ್ಷ ಅದನ್ನು ನುಂಗಿಕೊಂಡು ಕುಳಿತಿದ್ದೆ. ಈಗ ಯುದ್ಧದಿಂದಾಗಿ ಪೆಟ್ರೋಲು ಸಿಗದೆ ನನ್ನ ಮೋಟಾರು ಹಿತ್ತಲಲ್ಲಿ ಕಟ್ಟಿಗೆಯ ರಾಶಿಯ ಪಕ್ಕ ನಿಂತಿದೆ. ಹಲ್ಲುಜ್ಜುವಾಗ ದಿನಾ ಅದರ ಮುಖ ನೋಡಬೇಕು. ಇನ್ನು ಸುಮ್ಮನಿರುವುದು ಕಷ್ಟ.

ಆಗ ನಾನು ಧಾರವಾಡದ ಕಾಲೇಜೊಂದರಲ್ಲಿ ಪದಾರ್ಥವಿಜ್ಞಾನ ಕಲಿಸುತ್ತಿದ್ದೆ. ವಿದ್ಯುತ್ತಿನ ಕಿಡಿ ಹೇಗೆ ಹಾರುತ್ತದೆಂದು ವರ್ಷಕ್ಕೆರಡು ಸಲ ತರಗತಿಯಲ್ಲಿ ತೋರಿಸಿ, ವಿದ್ಯಾರ್ಥಿಗಳು ಬೆಚ್ಚಿದಾಗ ಸಿಡಿಲು ನನ್ನ ಮನೆಯ ಆಳೆಂಬಂತೆ ನಿಲ್ಲುತ್ತಿದ್ದೆ. ಊರು ಬಿಟ್ಟು ಹೊರಟಿದ್ದ ಒಬ್ಬ ಇಂಗ್ಲಿಷ್ ಅಧಿಕಾರಿಯಿಂದ ಹಳೆಯ ಮೋಟಾರೊಂದನ್ನು ಕೊಂಡಿದ್ದೆ. ಅದನ್ನು ನೋಡಿಕೊಳ್ಳುತ್ತಿದ್ದವರು ಇಮಾಮಸಾಬ ಮಿಸ್ತ್ರಿ. ಮೊದಲು ಟಾಂಗಾದ ಗಾಲಿ ಕಟ್ಟುತ್ತಿದ್ದವರು. ಊರಿಗೆ ಮೋಟಾರು ಬಂದ ಮೇಲೆ ಅದರ ರೋಗಗಳನ್ನು ಕಿವಿಯಿಂದಲೇ ಕಲಿತವರು. ಒಂದು ಶನಿವಾರ ಅವರು ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರನ್ನು ಬಿಚ್ಚಿ ತೊಳೆದು ಕೂಡಿಸಿ, "ಪ್ಲಗ್ ಸವದಾವ್ರಿ, ರಾಯರ. ಹೊಸಾವು ತರಸ್ರಿ, ನಾ ಬಂದು ಹಾಕಿಕೊಡ್ತೇನಿ," ಎಂದರು.

"ಅಷ್ಟಕ್ಕ ನೀವ್ಯಾಕ ಬರಬೇಕು? ನಾನ ಹಾಕ್ತೇನಿ," ಎಂದೆ.

"ಹಾಕ್ರಿ. ಆದ್ರ ಒಂದು ಬಿಚ್ಚಿ ಒಂದು ಹಾಕ್ರಿ. ನಾಲ್ಕೂ ಒಮ್ಮಿಗೇ ಬಿಚ್ಚಬ್ಯಾಡ್ರಿ."

ಕಿಡಿಯ ವಿಷಯದಲ್ಲಿ ನನಗೆ ಪಾಠ ಹೇಳುವವನು ಇನ್ನೂ ಹುಟ್ಟಬೇಕಾಗಿತ್ತು. ರವಿವಾರ ಮುಂಜಾನೆ ಅಂಗಿಯ ತೋಳು ಮಡಚಿ ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಒಯ್ಯುವ ನಾಲ್ಕೂ ತಂತಿ ಕಿತ್ತೆ, ನಾಲ್ಕೂ ಪ್ಲಗ್ಗು ಬಿಚ್ಚಿದೆ, ಹಿಂದಿನ ಸಂಜೆ ಪೇಟೆಯಿಂದ ತಂದ ಹೊಸ ನಾಲ್ಕನ್ನು ಬಿಗಿದೆ, ತಂತಿಗಳನ್ನು ಎಲ್ಲಿಗೆ ಸರಿಯಾಗಿ ಮುಟ್ಟಿದವೋ ಅಲ್ಲಿಗೆ ಸಿಕ್ಕಿಸಿದೆ. ಹ್ಯಾಂಡಲ್ ತಿರುವಿದಾಗ ಮೋಟಾರು ದಮ್ಮಿನ ರೋಗಿಯಂತೆ ಕೆಮ್ಮಿತು. ಮೈಯೆಲ್ಲ ನಡುಗಿಸಿ, ಮೂಗಿನಿಂದ ಫಟ್ಟೆಂದು ಹೊಗೆ ಉಗುಳಿತು. ಓಣಿಯ ನಾಯಿಗಳು ಎದ್ದು ಹೋದವು.

ನಾನು ಶಾಸ್ತ್ರೀಯವಾಗಿ ಆಲೋಚಿಸಿದೆ. ಪ್ಲಗ್ಗು ಹೊಸವು, ಆದ್ದರಿಂದ ದೋಷ ಅವುಗಳದಲ್ಲ. ಹಾಕಿದವನು ನಾನು, ಆದ್ದರಿಂದ ದೋಷ ನನ್ನದೂ ಅಲ್ಲ. ಉಳಿದದ್ದು ಕಾರ್ಬ್ಯುರೇಟರು, ಅದನ್ನು ಬಿಚ್ಚಿದವರು ಇಮಾಮಸಾಬರು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು, "ನಿನ್ನೆ ಸಂಜೀಕ ಪ್ಯಾಟಿಗೆ ಹೋಗಿ ಬಂದಾಗ ಛಲೋ ಇತ್ತಲ್ಲರೀ. ಇವತ್ತು ನೀವು ಕೈ ಹಾಕಿದಮ್ಯಾಲೆ ಹಿಂಗಾಗ್ಯದ. ಇಮಾಮಸಾಬರನ್ನ ಒಂದ್ಸಲ ಕೇಳ್ರಿ," ಎಂದಳು.

"ಕೆಡಿಸಿದವನನ್ನ ಏನು ಕೇಳೋದು?" ಎಂದೆ.

ಮುಂದಿನ ಹದಿನೈದು ದಿನ ಆ ಮೋಟಾರು ಕುಂಟುತ್ತ, ಸಿಡಿಯುತ್ತ ಕಾಲೇಜಿಗೂ ಮನೆಗೂ ಓಡಾಡಿತು. ಅದು ಸಿಡಿದಾಗಲೆಲ್ಲ ಕೇಳಿದವರಿಗೂ ಕೇಳದವರಿಗೂ ಇಮಾಮಸಾಬರ ಹೆಸರು ಹೇಳಿದೆ. ಸಂಜೆ ಕ್ಲಬ್ಬಿನಲ್ಲಿ ಇನ್ನಷ್ಟು ವಿವರವಾಗಿ ಹೇಳಿದೆ. ಬೇರೆ ಯಾರಾದರೂ ಹೇಳಿದ್ದರೆ ಜನ ಅರ್ಧ ನಂಬುತ್ತಿದ್ದರು. ಹೇಳುವವನು ವಿಜ್ಞಾನದ ಪ್ರೊಫೆಸರು. ವಕೀಲರೊಬ್ಬರು, ಡಾಕ್ಟರೊಬ್ಬರು ತಮ್ಮ ಮೋಟಾರುಗಳನ್ನು ಇಮಾಮಸಾಬರ ಶೆಡ್ಡಿಗೆ ಕಳಿಸುವುದನ್ನೇ ಬಿಟ್ಟರು. ಹಾಗೆಂದು ತಿಳಿದಾಗ ನನಗೆ ಕೆಡುಕೆನಿಸಲಿಲ್ಲ. ನನ್ನ ಮಾತಿಗೆ ಊರಲ್ಲಿ ಇಷ್ಟು ತೂಕವಿದೆಯೇ ಎಂದು ಹಿಗ್ಗಿದೆ.

ಅಷ್ಟರಲ್ಲಿ ಹೆಂಡತಿಯ ತಮ್ಮನ ಮಗನನ್ನು ತೊಟ್ಟಿಲಿಗೆ ಹಾಕುವ ದಿನ ಬಂತು. ಬಾಣಂತಿಯ ತವರು ಅಮ್ಮಿನಬಾವಿ, ನಮ್ಮೂರಿಂದ ಆರೇಳು ಮೈಲಿ. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ನನ್ನ ಹೆಂಡತಿ ಆ ಕೂಸಿಗೆ ಇದ್ದ ಒಬ್ಬಳೇ ಸೋದರತ್ತೆ. ನಮಗೆ ಮಕ್ಕಳಿರಲಿಲ್ಲ. ಕೂಸಿನ ತಲೆಗೆ ಹಾಕುವ ಕುಂಚಿಗೆಯನ್ನು ಅವಳೇ ಹೊಲಿದು, ಅಂಚಿಗೆ ಹಸಿರು ದಾರದ ಗಿಳಿಗಳನ್ನು ಹಾಕಿದ್ದಳು. "ಬಸ್ಸಿಗೆ ಹೋಗೋಣರಿ," ಎಂದಳು. ಮನೆಯಲ್ಲಿ ಮೋಟಾರು ಇಟ್ಟುಕೊಂಡು ಬೀಗರ ಊರಿಗೆ ಬಸ್ಸಿನಲ್ಲಿ ಇಳಿಯುವುದೇ? ಮೋಟಾರು ಹೊರಡಿಸಿದೆ.

ಮೊದಲ ಏರಿನಲ್ಲೇ ಅದು ನಿಂತಿತು. ತಣ್ಣಗಾಗಲು ಬಿಟ್ಟು ಮತ್ತೆ ಹೊರಡಿಸಿದೆ, ಮತ್ತೆ ನಿಂತಿತು. ಹುಲ್ಲಿನ ಹೊರೆ ಹೊತ್ತ ಹೆಂಗಸರು ನಮ್ಮನ್ನು ದಾಟಿ ಹೋದರು. ಬಸ್ಸೂ ದಾಟಿ ಹೋಯಿತು. ಹೆಂಡತಿ ಕುಂಚಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ರಸ್ತೆ ನೋಡುತ್ತ ಕುಳಿತಿದ್ದಳು. ಬೈದಿದ್ದರೆ ನನಗೆ ಜಗಳಕ್ಕಾದರೂ ಒಂದು ಆಧಾರ ಸಿಗುತ್ತಿತ್ತು. ಕೊನೆಗೆ ದಾರಿಯಲ್ಲಿ ಬಂದ ಒಂದು ಎತ್ತಿನ ಚಕ್ಕಡಿ ಹತ್ತಿ ಮುಟ್ಟಿದಾಗ ಊಟದ ಎಲೆ ಹಾಕುತ್ತಿದ್ದರು. ಬಾಣಂತಿಯ ಕಡೆಯ ಯಾರೋ ಹೆಸರು ಹೇಳಿಯಾಗಿತ್ತು.

"ಭಾಳ ಹೊತ್ತು ಕಾದ್ವಿ, ಅಕ್ಕಾ. ಮುಹೂರ್ತ ಮೀರಲಿಕ್ಹತ್ತಿತ್ತು," ಎಂದ ಅವಳ ತಮ್ಮ.

"ಇರಲಿ ಬಿಡೋ. ಕೂಸು ಎಲ್ಲೆ ಅದ, ತೋರಸು," ಎಂದು ಅವಳು ಒಳಗೆ ಹೋದಳು. ನಾನು ಪಡಸಾಲೆಯಲ್ಲಿ ಬೀಗರೆದುರು ಇಮಾಮಸಾಬರನ್ನು ಇನ್ನೊಮ್ಮೆ ಬೈದೆ. ಸಂಜೆ ಎತ್ತು ಕಟ್ಟಿಸಿ ಮೋಟಾರನ್ನು ಊರಿಗೆ ಎಳೆಸಿಕೊಂಡು ಬಂದೆವು.

ಮರುದಿನ ಮುಂಜಾನೆ ಇಮಾಮಸಾಬರು ಬಾಗಿಲಲ್ಲಿದ್ದರು. ನನಗೆ ತಿಳಿಸದೆ ಹೆಂಡತಿ ಹಾಲಿನವನ ಕೈಯಲ್ಲಿ ಹೇಳಿಕಳಿಸಿದ್ದಳು. ನಾನು ಊರೆಲ್ಲ ಆಡಿದ್ದು ಅವರ ಕಿವಿಗೆ ಬೀಳದೆ ಇರಲಿಲ್ಲ. ಆದರೂ ಆ ಮಾತೆತ್ತಲಿಲ್ಲ. ಎಂಜಿನ್ ಚಾಲು ಮಾಡಿಸಿ, ಮರದ ಹಿಡಿಯ ಸ್ಕ್ರೂಡ್ರೈವರನ್ನು ಒಂದನೆಯ ಪ್ಲಗ್ಗಿನ ತಲೆಗೂ ಎಂಜಿನ್ನಿನ ಕಬ್ಬಿಣಕ್ಕೂ ತಾಗಿಸಿದರು. ಕಿಡಿ ಪ್ಲಗ್ಗಿಗೆ ಇಳಿಯದೆ ಕಬ್ಬಿಣಕ್ಕೆ ಹರಿದು ಎಂಜಿನ್ನಿನ ದನಿ ಕುಸಿಯಿತು. "ಇದು ದುಡಿಯಾಕತ್ತೈತಿ," ಎಂದರು. ನಾಲ್ಕನೆಯದೂ ಹಾಗೆಯೇ. ಎರಡು, ಮೂರಕ್ಕೆ ತಾಗಿಸಿದಾಗ ದನಿ ಕದಲಲೇ ಇಲ್ಲ. ಎಂಜಿನ್ ನಿಲ್ಲಿಸಿ, ಆ ಎರಡು ತಂತಿಗಳ ಗುಂಟ ಬೆರಳು ಓಡಿಸಿ, ಕಿತ್ತು ಅದಲುಬದಲು ಮಾಡಿ ಸಿಕ್ಕಿಸಿದರು. ಹ್ಯಾಂಡಲ್ ತಿರುವಿದಾಗ ಮೋಟಾರು ಹೊಸ ಹೊಲಿಗೆ ಯಂತ್ರದಂತೆ ನಡೆಯಿತು. ಕಾರ್ಬ್ಯುರೇಟರನ್ನು ಅವರು ಮುಟ್ಟಿಯೂ ಇರಲಿಲ್ಲ.

"ಈ ಪ್ಲಗ್ ಯಾರು ಹಾಕ್ಯಾರ್ರಿ?"

ನಾನು ಸತ್ಯ ಹೇಳಬೇಕೆಂದೇ ಬಾಯಿ ತೆರೆದೆ. "ಹುಬ್ಬಳ್ಳಿಗೆ ಹೋದಾಗ ಯಾರೋ ಒಬ್ಬ ಮಿಸ್ತ್ರಿ ಹಾಕಿದಾ," ಎಂದೆ.

ಇಮಾಮಸಾಬರು ನನ್ನ ಹೆಬ್ಬೆರಳನ್ನು ನೋಡಿದರು. ಆ ರವಿವಾರ ಪಾನಾ ಜಾರಿ ಜಜ್ಜಿದ ಉಗುರು ಇನ್ನೂ ಕಪ್ಪಾಗಿತ್ತು. ಕೈ ಒರೆಸಿಕೊಳ್ಳುತ್ತ, "ಆಂವಗ ಬೈಬ್ಯಾಡ್ರಿ, ರಾಯರ. ಪ್ಲಗ್ ಛಲೋ ಬಿಗದಾನ. ಎರಡನೇದು ಮೂರಕ್ಕ, ಮೂರನೇದು ಎರಡಕ್ಕ ಹಾಕ್ಯಾನ, ಅಷ್ಟ. ಗಡಿಬಿಡಿಯೊಳಗ ಯಾರಿಗರ ಆಗತೈತಿ," ಎಂದು ಹೇಳಿ ಹೋದರು.

ಒಳಗೆ ಬಂದು ಹೆಂಡತಿಗೆ ಏನೋ ಹೇಳಹೊರಟೆ. "ನನಗ ಹೇಳಬ್ಯಾಡ್ರಿ. ಹೇಳಬೇಕಾದವರಿಗೆ ಹೇಳ್ರಿ," ಎಂದು ಅವಳು ಅಕ್ಕಿ ಆರಿಸುತ್ತ ಕುಳಿತಳು.

ಆ ಸಂಜೆ ನಿಜವಾಗಿಯೂ ಹೇಳಿದೆ. ಕ್ಲಬ್ಬಿನಲ್ಲಿ ಎಲ್ಲರೂ ಕೂಡಿದ್ದಾಗ, ಹೆಂಡತಿಗೆ ಮುಹೂರ್ತ ತಪ್ಪಿದ್ದನ್ನು ತಿಳಿಸಿ, "ಇಮಾಮಸಾಬಂದು ಏನೂ ತಪ್ಪಿಲ್ಲ. ನನಗ ತಪ್ಪು ತಿಳುವಳಿಕಿ ಆಗಿತ್ತು," ಎಂದೆ. ವಕೀಲರು ಎಲೆಯಡಿಕೆಯ ಚೀಲ ಬದಿಗಿಟ್ಟು ನನ್ನನ್ನು ಪ್ರೀತಿಯಿಂದ ನೋಡಿದರು. "ದೊಡ್ಡ ಮನಸು ಅಂದ್ರ ಇದು. ಹೆಂಡತಿ ಅಷ್ಟು ನೊಂದ್ರೂ ಬಡವನ ಅನ್ನಕ್ಕ ಕಲ್ಲು ಹಾಕಬಾರದು ಅಂತ ತಪ್ಪು ತಮ್ಮ ಮ್ಯಾಲೆ ತಗೊಳ್ಳಿಕ್ಹತ್ಯಾರ. ನಾವಂತೂ ಆ ಮಿಸ್ತ್ರಿ ಕಡೆ ಮತ್ತ ಹೋಗೂದಿಲ್ಲ," ಎಂದರು. ಡಾಕ್ಟರು ತಲೆಯಾಡಿಸಿದರು. ತಂತಿ ಕೂಡಿಸಿದವನು ನಾನು ಎಂಬ ಇನ್ನೊಂದು ವಾಕ್ಯ ಬಾಕಿಯಿತ್ತು. ಅಷ್ಟರಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಮೆಚ್ಚಿಗೆಯಿಂದ. ನಾನು ವಿನಯದಿಂದ ತಲೆ ತಗ್ಗಿಸಿದೆ.