ಕಲ್ಯಾಣ ಮಂಟಪದಲ್ಲಿ ಡಬಲ್ಸ್

ಡಬಲ್ಸ್ ಆಡುವವನ ಬದುಕಿನಲ್ಲಿ ಏನೇ ಆದರೂ ಇಬ್ಬರಿಗೂ ಆಗುತ್ತದೆ, ಅವಮಾನವೂ ಸೇರಿ. ಎಪ್ಪತ್ತರ ದಶಕದ ಕೊನೆಯಲ್ಲಿ ಬನ್ನೇರುಘಟ್ಟ ರಸ್ತೆಯ ಒಂದು ಕಾರ್ಖಾನೆ ನನಗೂ ತಿಲಕ್ ನಗರದ ನನ್ನ ಜೊತೆಗಾರನಿಗೂ ಬ್ಯಾಡ್ಮಿಂಟನ್ ಆಡಲೆಂದೇ ಕೆಲಸ ಕೊಟ್ಟಿತು. ವರ್ಷದೊಳಗೆ ಕಾರ್ಖಾನೆಗಳ ಡಬಲ್ಸ್ ಕಪ್ ತಂದರೆ ಕೆಲಸ ಕಾಯಂ, ಇಲ್ಲದಿದ್ದರೆ ಇಬ್ಬರೂ ಮನೆಗೆ. ಗೆಲ್ಲುವುದರಲ್ಲಿ ನಮಗೆ ಸಂಶಯವಿರಲಿಲ್ಲ. ಆಡಲು ಜಾಗ ಮಾತ್ರ ಇರಲಿಲ್ಲ.

೧. ಪಂಚಾಂಗ

ಜಯನಗರದ ಕಲ್ಯಾಣ ಮಂಟಪವೊಂದರ ಮ್ಯಾನೇಜರು, ಮದುವೆಯಿಲ್ಲದ ದಿನ ಆಡಿಕೊಳ್ಳಿ ಎಂದರು. ಆಷಾಢವಿಡೀ ಆಡಿದೆವು, ಎದುರಾದವರನ್ನೆಲ್ಲ ಸೋಲಿಸಿದೆವು. ಶ್ರಾವಣ ಬಂತು, ಸೋಲತೊಡಗಿದೆವು. ಕಾರ್ಖಾನೆಯ ಸ್ಪೋರ್ಟ್ಸ್ ಆಫೀಸರು ಕರೆಸಿದರು.

"ಏನ್ರೀ ಇದು? ಹೋದ ತಿಂಗಳು ಹುಲಿ ಥರ ಆಡ್ತಿದ್ರಿ!"

"ಮುಹೂರ್ತ ಜಾಸ್ತಿ ಸಾರ್," ಎಂದ ಜೊತೆಗಾರ.

ಮರುದಿನ ಅವರ ಮೇಜಿನ ಮೇಲೆ ಒಂದು ಪಂಚಾಂಗ ಕಂಡಿತು.

೨. ಅಭ್ಯಾಸ

ನಮ್ಮ ಮಂಟಪ ಖಾಲಿಯಿದ್ದ ದಿನವೂ ಎದುರಿನ ಮಂಟಪ ತುಂಬಿರುತ್ತಿತ್ತು. ಮೊದಲ ಸಲ ಅಲ್ಲಿಂದ ಗಟ್ಟಿಮೇಳ ಕೇಳಿದಾಗ ಜೊತೆಗಾರ ರಾಕೆಟ್ ಎಡಗೈಗೆ ಬದಲಿಸಿ, ಅಕ್ಷತೆ ಹಾಕಲು ಬಲಗೈ ಎತ್ತಿದ. ಶಟಲ್ ಮೂಗಿಗೆ ಬಿತ್ತು.

"ದಿನಾ ಕೇಳಿದ್ರೆ ಅಭ್ಯಾಸ ಆಗುತ್ತೆ," ಎಂದರು ಮ್ಯಾನೇಜರು. "ನನ್ನ ಮಗಳ ಮದುವೇಲಿ ಗಟ್ಟಿಮೇಳ ಆದಾಗ ನಾನು ಉಗ್ರಾಣದಲ್ಲಿ ಪಾತ್ರೆ ಎಣಿಸ್ತಿದ್ದೆ. ಸರಿ, ಬೇಗ ನೆಟ್ ಬಿಚ್ಚಿ."

೩. ಹೆಣ್ಣು ನೋಡಿದ್ದು

ಬನಶಂಕರಿಗೆ ಹೆಣ್ಣು ನೋಡಲು ಹೋದೆ. ಅಭ್ಯಾಸಬಲದಿಂದ ಜೊತೆಗಾರನೂ ಬಂದ.

"ಒಬ್ಬರೇ ಆಡೋಕೆ ಬರಲ್ವಾ?" ಎಂದು ಕೇಳಿದರು ಹುಡುಗಿಯ ತಂದೆ.

"ಬರುತ್ತೆ ಸಾರ್. ಆದರೆ ಸೋತಾಗ ಬೈಯೋಕೆ ಯಾರೂ ಇರಲ್ಲ," ಎಂದೆ.

"ಅದಕ್ಕೇ ತಾನೇ ಮದುವೆ ಆಗ್ತಿರೋದು?"

ಒಳಗಿನಿಂದ ಹುಡುಗಿಯ ದನಿ ಬಂತು: "ಅಪ್ಪಾ, ಮೊದಲು ಕಪ್ ಗೆದ್ದು ಬರಲಿ."

ಜೊತೆಗಾರ ಆಗಲೇ ಎರಡನೇ ತಟ್ಟೆ ಕೇಸರಿಬಾತಿನಲ್ಲಿದ್ದ.

೪. ಫೈನಲ್

ಬಯಲಿನಲ್ಲಿ ಗಾಳಿ ಹೆಚ್ಚೆಂದು ಫೈನಲ್ ಪಂದ್ಯವನ್ನು ನಮ್ಮ ಮಂಟಪಕ್ಕೇ ತಂದರು. ಮೂರನೇ ಗೇಮು, ಸರ್ವಿಸ್ ನಮ್ಮದು, ಒಂದೇ ಪಾಯಿಂಟ್ ಬೇಕು. ಎದುರಾಳಿಗಳು ನಮಗಿಂತ ಚೆನ್ನಾಗಿಯೇ ಆಡುತ್ತಿದ್ದರು. ಶಟಲ್ ಮೇಲಿದ್ದಾಗ ಎದುರಿನ ಮಂಟಪದಿಂದ "ಗಟ್ಟಿಮೇಳ! ಗಟ್ಟಿಮೇಳ!" ಎಂಬ ಕೂಗು, ಹಿಂದೆಯೇ ವಾದ್ಯ.

ಎದುರಾಳಿಗಳಿಬ್ಬರೂ ಸಂಪ್ರದಾಯಸ್ಥ ಮನೆಯವರು. ಇಬ್ಬರ ಬಲಗೈಯೂ ಅಕ್ಷತೆಗೆ ಎದ್ದಿತು. ವರ್ಷವಿಡೀ ಅದನ್ನೇ ಕೇಳಿದ್ದ ಜೊತೆಗಾರ ಬಾರಿಸಿದ. ಶಟಲ್ ಗೆರೆಯ ಹತ್ತಿರ ಬಿತ್ತು.

"ಔಟ್!" ಎಂದರು ಅವರು.

"ನೋಡಿದ್ರಾ?" ಎಂದೆ. ಇಬ್ಬರೂ ತಮ್ಮ ಎತ್ತಿದ ಕೈ ನೋಡಿಕೊಂಡರು.

ಅಂಪೈರು ಗೆರೆ ನೋಡುವವರತ್ತ ತಿರುಗಿದರೆ, ಅವರ ಕೈಯೂ ಮೇಲಿತ್ತು. ಅಂಪೈರು ತಮ್ಮ ಕೈಯನ್ನು ಮೆಲ್ಲಗೆ ಇಳಿಸಿಕೊಂಡರು. ಸ್ಪೋರ್ಟ್ಸ್ ಆಫೀಸರು ಸೇರಿ ಪ್ರೇಕ್ಷಕರೆಲ್ಲ ಕಿಟಕಿಯಲ್ಲಿದ್ದರು. ನಮ್ಮಿಬ್ಬರ ನೌಕರಿ, ನನ್ನ ಮದುವೆ, ಎಲ್ಲ ಆ ಗೆರೆಯ ಮೇಲೆ ನಿಂತಿದ್ದವು. ಕತ್ತು ತಿರುಗಿಸದೆ ನಿಂತಿದ್ದವರು ಇಡೀ ಮಂಟಪದಲ್ಲಿ ಒಬ್ಬರೇ, ಬಾಗಿಲಲ್ಲಿದ್ದ ಮ್ಯಾನೇಜರು.

"ನೀವೇ ಹೇಳಿ, ಒಳಗೋ ಹೊರಗೋ?" ಎಂದರು ಅಂಪೈರು.

"ಒಳಗೇ ಬಿತ್ತು ಸಾರ್. ಬೇಗ ನೆಟ್ ಬಿಚ್ಚಿಸಿ, ನಾಳೆ ಇಲ್ಲಿ ಮದುವೆ, ಹೆಣ್ಣಿನ ಕಡೆಯವರು ಆಗಲೇ ಬಂದು ನಿಂತಿದಾರೆ."