ತಾಂಬೂಲದ ತಟ್ಟೆಗೆ ಬಿದ್ದ ಬೆಳಕು

ಓದಿದ ವಿದ್ಯೆ ಒಂದು ದಿನ ಮನೆಯ ಉಪಯೋಗಕ್ಕೆ ಬಂದೀತು ಎಂಬ ಆಸೆಯನ್ನು ನಾನು ಪೂರ್ತಿ ಬಿಟ್ಟಿದ್ದೇನೆ. ಅರಸೀಕೆರೆಯ ಕಾಲೇಜೊಂದರಲ್ಲಿ ತಲೆ ನರೆಯುವಷ್ಟು ಕಾಲ ರಸಾಯನಶಾಸ್ತ್ರ ಪಾಠ ಮಾಡಿದ ನನಗೆ ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಬದಲಾಯಿಸಲೂ ಅನುಮತಿಯಿಲ್ಲ. ಈಗ ಬಾಳೆಹಣ್ಣು ಮುಟ್ಟಲೂ ಇಲ್ಲ.

ಮಗಳ ನಿಶ್ಚಿತಾರ್ಥಕ್ಕೆಂದು ಬಾಣಾವರದ ನನ್ನ ಭಾವಮೈದುನ ತನ್ನ ತೋಟದ ಪುಟ್ಟಬಾಳೆ ಗೊನೆ ಕಳಿಸಿದ್ದ. ಅಷ್ಟರಲ್ಲಿ ಬಿಕ್ಕೋಡಿನ ಬೀಗರ ಫೋನು: ಅಜ್ಜಿಗೆ ಜ್ವರ, ಭಾನುವಾರಕ್ಕೆ ಮುಂದೂಡೋಣ. ಸರಿ, ಹಣ್ಣಿಗೆ ಫೋನು ಮಾಡಿ ಹೇಳುವವರು ಯಾರು? ಸೋದರಮಾವ ಕೊಟ್ಟ ಹಣ್ಣೇ ತಾಂಬೂಲದ ತಟ್ಟೆಗೇರಬೇಕು, ಅದೂ ಒಂದೂ ಕಲೆಯಿಲ್ಲದೆ, ಎಂಬುದು ನನ್ನ ಹೆಂಡತಿ ಗಿರಿಜಳ ತವರಿನ ಪದ್ಧತಿ. ಅವಳು ಗಳಿಗೆಗೊಮ್ಮೆ ಹಣ್ಣು ಮುಟ್ಟಿ ನೋಡಿ ಅಳುವಂತಾಗಿದ್ದಳು.

ಆಗಲಾದರೂ ನಾನು ಬಾಯಿ ಮುಚ್ಚಿಕೊಂಡಿರಬಾರದಿತ್ತೇ! ಹಣ್ಣು ಬಿಡುವ ಎಥಿಲೀನ್ ಅನಿಲವೇ ಅದನ್ನು ಮಾಗಿಸುವುದು, ನೇರಳಾತೀತ ಬೆಳಕು ಆ ಅನಿಲವನ್ನು ಒಡೆಯುತ್ತದೆ, ಅನಿಲ ಹೋದರೆ ಹಣ್ಣು ಇದ್ದ ಹಾಗೇ ಇರುತ್ತದೆ ಎಂದು ಭಾಷಣ ಬಿಗಿದೆ. ಮೂಲೆಗೆ ಬಿದ್ದಿದ್ದ ನೀರಿನ ಫಿಲ್ಟರಿನ ನೇರಳಾತೀತ ದೀಪವನ್ನು ಚೋಕ್ ಸಮೇತ ಕಳಚಿ, ಹಣ್ಣಿನ ಜೊತೆ ಬೀರುವಿನೊಳಗಿಟ್ಟು ಉರಿಸಿ ಬಾಗಿಲು ಹಾಕಿದೆ. "ನಿಮ್ಮನ್ನೇ ನಂಬಿದೀನಿ ಕಣ್ರೀ" ಎಂದಳು ಗಿರಿಜ.

ಶನಿವಾರ ಬಾಗಿಲು ತೆಗೆದರೆ ಹಣ್ಣುಗಳೆಲ್ಲ ಸುಟ್ಟ ಬದನೆಕಾಯಿ. ಪುಸ್ತಕ ತೆಗೆದು ನೋಡಿದೆ. ಆ ದೀಪದ ಬೆಳಕನ್ನು ಎಥಿಲೀನ್ ಹೀರುವುದೇ ಇಲ್ಲ, ಅದಕ್ಕೆ ಇನ್ನೂ ಕಿರಿದಾದ ಅಲೆಯ ಬೆಳಕೇ ಬೇಕು. ನನ್ನ ಬೆಳಕನ್ನೆಲ್ಲ ಸಿಪ್ಪೆಯೇ ಕುಡಿದಿತ್ತು.

"ಸರಿಯಾದ ದೀಪ ಇದ್ದಿದ್ರೆ?" ಗಿರಿಜ ಕೇಳಿದಳು.

"ಎಥಿಲೀನ್ ಒಡೆದು ಅಸಿಟಿಲೀನ್ ಆಗ್ತಿತ್ತು."

"ಅದೇನು ಮಾಡುತ್ತೆ?"

"ಕಾರ್ಬೈಡ್ ಹಾಕಿ ಹಣ್ಣು ಮಾಡ್ತಾರಲ್ಲ, ಅದರಿಂದ ಬರೋ ಗ್ಯಾಸೇ ಅದು."

"ಅಂದ್ರೆ ಅದೂ ಹಣ್ಣು ಮಾಡುತ್ತೆ?"

"ಹೂಂ."

ಅವಳು ನೆಲದ ಮೇಲೆ ಕೂತು ಅತ್ತೇಬಿಟ್ಟಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಭಾನುವಾರ ತಟ್ಟೆಯಲ್ಲಿ ಸಂತೆಯ ಹಣ್ಣುಗಳಿದ್ದವು. ಭಾವಮೈದುನ ಅವನ್ನು ನೋಡಿದ, ನನ್ನನ್ನು ನೋಡಿದ. ಅಷ್ಟರಲ್ಲಿ ನಮ್ಮ ಮನೆಗೆ ಮೊದಲ ಸಲ ಬಂದಿದ್ದ ವರನ ದೊಡ್ಡಪ್ಪ ಕೇಳಿದರು: "ಮೇಷ್ಟ್ರು ಏನು ಪಾಠ ಮಾಡ್ತೀರಿ?"

ನಾನು ಬಾಯಿ ತೆರೆಯುವ ಮೊದಲೇ ಗಿರಿಜ "ಇತಿಹಾಸ" ಎಂದಳು.

"ಹಂಗಾದ್ರೆ ಹೇಳಿ ಮೇಷ್ಟ್ರೆ, ಹಳೇಬೀಡಿನ ದೇವಸ್ಥಾನದ ಕೆಲಸ ಅರ್ಧಕ್ಕೇ ನಿಂತೈತಂತಲ್ಲ, ಯಾಕೆ?"

"ಯಾರೋ ಓದಿದವನು ಸಹಾಯಕ್ಕೆ ಬಂದಿರಬೇಕು" ಎಂದೆ.